ಹುಟ್ಟು ಎತ್ತಿಟ್ಟ ಅಂಬಿಗರ ಮಾಣಕ್ಕ

ಯಾವ ಕಾಲ, ಯಾವ ಸಂವತ್ಸರ ಅಂತ ನನ್ನ ಕೇಳಬೇಡಿ. ನಂಗೂ ಗೊತ್ತಿಲ್ಲ, ನಮ್ಮ ಅಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಹೊಳೆ ಹೋಗಿ ಸಮುದ್ರ ಸೇರುವ ಕಡೆ ಒಂದು ಊರಿತ್ತು. ಆ ಊರಲ್ಲಿ ಅಂಬಿಗರ ಮಾಣಕ್ಕ ಅಂತ ಒಬ್ಬಳು ದೋಣಿ ದಾಟಿಸ್ತಿದ್ಲು. ಅವಳ ಹುಟ್ಟು ತೆಂಗಿನ ಮರದಷ್ಟು ಉದ್ದ ಇತ್ತು ಅಂತ ಕೆಲವರು ಹೇಳ್ತಾರೆ. ಅವಳು ಬೈದರೆ ಹೊಳೆ ಹರಿಯೋದೇ ನಿಲ್ಲಿಸ್ತಿತ್ತು ಅಂತಲೂ ಹೇಳ್ತಾರೆ. ಹೇಳುವವರಿಗೆ ಎಂತ, ಬಾಯಿಗೇನು ಬಾಡಿಗೆ ಕೊಡಬೇಕಾ? ಹುಟ್ಟು ಎಲ್ಲರ ಹುಟ್ಟಿನಷ್ಟೇ ಇತ್ತು. ಬೈತಿದ್ಲು, ಅದು ಮಾತ್ರ ನಿಜ.

ಹೊಳೆಯ ಒಂದು ದಡದಲ್ಲಿ ರಾಣಿಯ ಅರಮನೆ. ಕೆಳಗೆ, ಹೊಳೆ ಸಮುದ್ರಕ್ಕೆ ಬೀಳುವ ಅಳಿವೆಯ ಹತ್ತಿರ, ಪರಂಗಿಯವರ ಹಡಗು ಲಂಗರು ಹಾಕಿ ನಿಂತಿತ್ತಂತೆ. ಅವರ ರಾಜ್ಯಕ್ಕೂ ನಮ್ಮ ರಾಜ್ಯಕ್ಕೂ ಒಂದು ಒಪ್ಪಂದ ಆಗಬೇಕಿತ್ತು. ನಾವು ಅಕ್ಕಿ, ಕಾಳುಮೆಣಸು ಕೊಡೋದು. ಅವರು ತಾಮ್ರ, ಕುದುರೆ ಕೊಡೋದು. ನಮ್ಮವರ ದೋಣಿಗಳನ್ನ ಅವರು ಸಮುದ್ರದಲ್ಲಿ ತಡೀಬಾರದು. ಇಷ್ಟೇ. ಮೂರು ಮಾತು. ಇಬ್ಬರು ಮೀನು ಮಾರುವ ಹೆಂಗಸರನ್ನ ಕೂರಿಸಿದ್ರೆ ಎಲೆ ಅಡಿಕೆ ಹಾಕಿ ಮುಗಿಸೋದ್ರೊಳಗೆ ಮುಗಿಸಿ ಏಳ್ತಿದ್ರು.

ಆದರೆ ಪರಂಗಿ ಕಪ್ತಾನನಿಗೆ ನಂಬಿಕೆ ಇಲ್ಲ. ಒಪ್ಪಂದ ಆಗುವವರೆಗೆ ಅರಮನೆಯ ದೊಡ್ಡ ಮನುಷ್ಯ ಒಬ್ಬ ನಮ್ಮ ಹಡಗಲ್ಲಿ ಒತ್ತೆ ಇರಲಿ ಅಂದನಂತೆ. ಚೊಂಬು ಅಡ ಇಡ್ತೇವಲ್ಲ, ಹಾಗೆ ಮನುಷ್ಯನನ್ನ ಇಡೋದು. ರಾಣಿಯ ಪ್ರಧಾನಿ ಹೂಂ ಅಂದ. ಅಂದವನು ಹೋಗಿ ಒಬ್ಬೊಬ್ಬ ದೊಡ್ಡ ಮನುಷ್ಯನನ್ನೂ ಕೇಳಿದ. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಸೂತಕ, ಒಬ್ಬನಿಗೆ ಸಮುದ್ರದ ಗಾಳಿ ಆಗೋದಿಲ್ಲ. ಕೊನೆಗೆ ಪ್ರಧಾನಿಯ ಕಣ್ಣಿಗೆ ಬಿದ್ದವನು ಯಾರು? ಮಾಣಕ್ಕನ ಗಂಡ ಜಟ್ಟಪ್ಪ. ಆಳು ಎತ್ತರ, ಮೀಸೆ ಚೆಂದ, ಮಾತು ಕಮ್ಮಿ. ಅವನಿಗೆ ಜರಿ ಪೇಟ ಸುತ್ತಿದರು, ಶಾಲು ಹೊದೆಸಿದರು, ಇವನು ಪ್ರಧಾನಿಯ ಭಾವಮೈದ ಅಂತ ಹೇಳಿ ಹಡಗು ಹತ್ತಿಸಿದರು. ನಾಲ್ಕು ದಿನದ ಮಾತು, ಬಂದುಬಿಡ್ತಾನೆ ಅಂತ ಮಾಣಕ್ಕನಿಗೆ ಹೇಳಿದರಂತೆ.

ನಾಲ್ಕು ದಿನ! ನಲವತ್ತು ದಿನ ಆಯ್ತು ಅಂತ ಹೇಳ್ತಾರೆ.

ಮೂರು ಮಾತೂ ಮೊದಲ ವಾರವೇ ಮುಗಿದಿತ್ತು. ನಿಂತದ್ದು ಎಲ್ಲಿ ಗೊತ್ತಾ? ಕಪ್ತಾನನ ಬೂಟಲ್ಲಿ. ರಾಣಿಯ ಮುದ್ರೆ ಒತ್ತಿದ ಓಲೆಯನ್ನ ಅವನು ಅರಮನೆಗೆ ಬಂದು ತಗೋಬೇಕು. ಬರುವವನು ಬರಿಗಾಲಲ್ಲಿ ಬರಬೇಕು ಅಂತ ಅರಮನೆ ಅಂತು. ನಮ್ಮ ಕಡೆ ಮರ್ಯಾದೆಗೆ ಟೋಪಿ ತೆಗೀತೇವೆ, ಬೂಟು ತೆಗೆಯೋದು ಮಲಗುವಾಗ ಮಾತ್ರ ಅಂತ ಕಪ್ತಾನ ಅಂದ. ಬೋಳು ತಲೆಯಲ್ಲಿ ರಾಣಿಯ ಎದುರು ಬರೋದಾ, ಅಪಶಕುನ, ಟೋಪಿ ತಲೆ ಮೇಲೇ ಇರಲಿ ಅಂತ ಅರಮನೆ ಅಂತು. ಈ ಮಾತು ಅಲ್ಲಿಗೆ, ಆ ಮಾತು ಇಲ್ಲಿಗೆ. ಹೊತ್ತವನು ದುಭಾಷಿ, ಅವನನ್ನ ದಾಟಿಸಿದವಳು ಮಾಣಕ್ಕ. ಬೆಳಿಗ್ಗೆ ಬೂಟು ಹೋಗ್ತಿತ್ತು, ಸಂಜೆ ಟೋಪಿ ಬರ್ತಿತ್ತು. ಅವಳ ಅಂಗೈ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದಿತಂತೆ.

ಅಷ್ಟರಲ್ಲಿ ಪಡುವಣ ಗಾಳಿ ಶುರುವಾಯ್ತು. ಮಳೆ ಹಿಡಿದರೆ ಹಡಗು ಇಲ್ಲಿ ನಿಲ್ಲೋ ಹಾಗಿಲ್ಲ, ಹೊರಡಲೇಬೇಕು. ಹೊರಟರೆ ಜಟ್ಟಪ್ಪನನ್ನ ಕಟ್ಟಿಕೊಂಡೇ ಹೊರಡೋದು. ಆ ದೇಶಕ್ಕೆ ಹೋದವನು ತಿರುಗಿ ಬಂದದ್ದು ಯಾರಾದರೂ ಕಂಡಿದ್ರಾ? ಮಾಣಕ್ಕ ಪ್ರಧಾನಿಯ ಮನೆ ಬಾಗಿಲಿಗೆ ಮೂರು ಸಲ ಹೋದ್ಲು. ಆಗ್ತದೆ, ಆಗ್ತದೆ, ರಾಜಕಾರ್ಯ ಅಂದರೆ ನಿಂಗೆಂತ ಗೊತ್ತು ಅಂತ ಮೂರು ಸಲವೂ ಕಳಿಸಿದರಂತೆ.

ಅವಳಿಗೆ ಸಾಕಾಗಿ ಹೋಯ್ತು. ಅರಮನೆಯೂ ಬೇಡ, ಹಡಗೂ ಬೇಡ, ಇಬ್ಬರೂ ನನ್ನ ದೋಣಿಗೆ ಬನ್ನಿ, ನಡು ಹೊಳೆಯಲ್ಲಿ ಓಲೆ ಕೊಟ್ಟು ತಗೊಳ್ಳಿ, ಅಲ್ಲಿ ಯಾರ ದಡವೂ ಇಲ್ಲ ಅಂತ ಎರಡೂ ಕಡೆಗೆ ಹೇಳಿ ಕಳಿಸಿದ್ಲು. ಇಬ್ಬರಿಗೂ ಅದು ತಮಗೇ ಹೊಳೆದ ಉಪಾಯ ಅಂತ ಅನಿಸಿತಂತೆ. ಗಂಡಸರು!

ದೋಣಿಯನ್ನ ಅವಳು ಬೇಕೆಂದೇ ಸಮುದ್ರದ ನೀರು ಇಳಿಯುವ ಇಳಿತದ ಹೊತ್ತಲ್ಲಿ, ಕೆಸರಿಂದ ಆಚೆ ನಿಲ್ಲಿಸಿದ್ಲು. ಬರಿಗಾಲ ಪ್ರಧಾನಿ ಮೊದಲೇ ಹತ್ತಿ ಕೂತಿದ್ದ. ಹಡಗಿಂದ ದಡಕ್ಕೆ ಬಂದಿಳಿದ ಕಪ್ತಾನ ಕೆಸರಲ್ಲಿ ಒಂದು ಹೆಜ್ಜೆ ಇಟ್ಟ, ಬೂಟು ಹೂತುಹೋಯ್ತು. ಇನ್ನೊಂದು ಇಟ್ಟ, ಅದೂ ಹೋಯ್ತು. ಕಾಲು ಕಿತ್ತುಕೊಂಡು, ಬರಿಗಾಲಲ್ಲಿ, ಟೋಪಿ ಹಾಕಿಕೊಂಡು ಬಂದು ದೋಣಿ ಹತ್ತಿದ. ಪ್ರಧಾನಿ ನೋಡಿದ, ಖುಷಿಪಟ್ಟ. ಕೆಸರಿಗಾಗಿ ತೆಗೆದದ್ದೇ ಹೊರತು ನಿಮ್ಮ ರಾಣಿಗಾಗಿ ಅಲ್ಲ ಅಂತ ಕಪ್ತಾನ ದುಭಾಷಿಯ ಹತ್ತಿರ ಎರಡು ಸಲ ಹೇಳಿಸಿದನಂತೆ. ಹೇಳಲಿ ಬಿಡಿ. ನಡು ಹೊಳೆಯಲ್ಲಿ ಓಲೆ ಓದಿದರು. ಅಕ್ಕಿ ಬಂತು, ಮೆಣಸು ಬಂತು, ತಾಮ್ರ ಬಂತು, ಕುದುರೆಯ ವಯಸ್ಸೂ ಹಲ್ಲೂ ಬಂತು. ಓಲೆ ಕೈ ಬದಲಾಯ್ತು. ಇಬ್ಬರೂ ವೀಳ್ಯ ಬಾಯಿಗೆ ಹಾಕಿಕೊಂಡರು. ಇನ್ನು ದಡಕ್ಕೆ ಬಿಡು ಅಂದರು.

ಹಾಗಾದರೆ ಜಟ್ಟಪ್ಪ ಎಲ್ಲಿ ಅಂತ ಮಾಣಕ್ಕ ಕೇಳಿದ್ಲು.

ಓಲೆಯಲ್ಲಿ ಅವನ ಹೆಸರು ಇಲ್ಲ. ಕುದುರೆಯ ಹಲ್ಲು ಇದೆ, ಅವನಿಲ್ಲ! ಕಪ್ತಾನ ಹೇಳಿಸಿದನಂತೆ, ನಮ್ಮಲ್ಲಿ ಇರೋದು ಪ್ರಧಾನಿಯ ಭಾವಮೈದ, ಪ್ರಧಾನಿ ಕೇಳಲಿ, ಬಿಡ್ತೇನೆ, ಈ ಅಂಬಿಗರವಳು ಯಾಕೆ ಕೇಳೋದು ಅಂತ. ಪ್ರಧಾನಿ ಕೇಳಬಹುದಿತ್ತು. ಕೇಳಿದರೆ ಜಟ್ಟಪ್ಪ ಕಪ್ತಾನನ ಎದುರೇ ಹೆಂಡತಿಯ ಹತ್ತಿರ ಬರ್ತಿದ್ದ, ಆ ಜರಿ ಪೇಟದ ಸುಳ್ಳು ಅಲ್ಲೇ ಹೊರಗೆ ಬೀಳ್ತಿತ್ತು. ಅವನು ನೀರು ನೋಡುತ್ತಾ, ಅದಕ್ಕೆ ಬೇರೆ ಓಲೆ ಆಗಬೇಕು, ಬೇರೆ ಮುದ್ರೆ ಆಗಬೇಕು, ಮಳೆಗಾಲ ಕಳೀಲಿ ಅಂದನಂತೆ.

ಮಾಣಕ್ಕ ಅಳಲಿಲ್ಲ. ಹೊಳೆಯನ್ನ ನಿಲ್ಲಿಸಲೂ ಇಲ್ಲ, ಅದನ್ನೆಲ್ಲ ನೀವು ಬೇರೆಯವರ ಹತ್ತಿರ ಕೇಳಿ. ಅವಳು ಹುಟ್ಟನ್ನ ನೀರಿಂದ ಎತ್ತಿ ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಸುಮ್ಮನೆ ಕೂತ್ಲು. ಅಷ್ಟೇ.

ಇಳಿತದ ನೀರು ದೋಣಿಯನ್ನ ಎಳಕೊಂಡು ಹೊರಟಿತು. ಅಳಿವೆಯಲ್ಲಿ ತೆರೆ ಬಿಳಿ ಬಿಳಿಯಾಗಿ ಒಡೀತಿತ್ತು. ದೋಣಿಯಲ್ಲಿ ಎರಡು ರಾಜ್ಯ ನಡೆಸುವವರಿದ್ದರು, ಹುಟ್ಟು ಹಾಕಲು ಬರುವವರು ಒಬ್ಬರೂ ಇರಲಿಲ್ಲ. ಪ್ರಧಾನಿ ಮೊದಲು ಗದರಿದ, ತಂಗಿ ಅಂದ, ಆಮೇಲೆ ತಾಯೀ ಅಂದ. ದೋಣಿ ತೆರೆಗೆ ಸಿಕ್ಕು ಓಲಾಡಿದಾಗ ಅವನ ಬಾಯಿಂದ ನಿಜ ಬಿತ್ತು. ಅವನು ನನ್ನ ಭಾವಮೈದ ಅಲ್ಲ, ಇವಳ ಗಂಡ, ಬಿಟ್ಟುಬಿಡು ಮಾರಾಯ ಅಂತ ಕೂಗಿದ. ದುಭಾಷಿ ಹೇಳುವ ಮೊದಲೇ ಕಪ್ತಾನನಿಗೆ ಅರ್ಥ ಆಗಿತ್ತು. ಎದ್ದು ನಿಂತು, ಟೋಪಿ ತೆಗೆದು, ಹಡಗಿನ ಕಡೆಗೆ ಬೀಸಿ ಬೀಸಿ ಕಿರುಚಿದನಂತೆ. ಬೋಳು ತಲೆಯ ಅಪಶಕುನ ಆಗ ಯಾರಿಗೂ ನೆನಪಾಗಲಿಲ್ಲ.

ಹಡಗಿಂದ ಸಣ್ಣ ದೋಣಿ ಇಳಿಸಿದರು. ಅದರಲ್ಲಿ ಜಟ್ಟಪ್ಪ ತಾನೇ ಹುಟ್ಟು ಹಾಕಿಕೊಂಡು ಬಂದ. ತಲೆ ಮೇಲೆ ಜರಿ ಪೇಟ ಇನ್ನೂ ಇತ್ತು, ಕೆನ್ನೆ ಒಳಗೆ ಹೋಗಿತ್ತು. ಅವನು ಹತ್ತಿ ಕೂತ ಮೇಲೆ ಮಾಣಕ್ಕ ಮುಖ ನೋಡಿದ್ಲು.

"ಉಂಡ್ಯಾ?" ಅಂದಳಂತೆ. ಅವನು ಇಲ್ಲ ಅಂತ ತಲೆ ಆಡಿಸಿದ. ಆಗ ಅವಳಿಗೆ ಅಳು ಬಂತು. ಅಳುತ್ತಲೇ ಹುಟ್ಟು ಹಾಕಿ ಎಲ್ಲರನ್ನೂ ದಡ ಸೇರಿಸಿದ್ಲು.

ಈಗಲೂ ನಮ್ಮ ಕಡೆ ಮದುವೆ ಮಾತಿರಲಿ, ಮನೆ ಪಾಲಿರಲಿ, ಎರಡು ಕಡೆಯವರು ಕೂತರೆ ವೀಳ್ಯ ಬದಲಾಯಿಸುವ ಮೊದಲು ಒಂದು ಗಳಿಗೆ ನಿಲ್ಲಿಸ್ತಾರೆ. ಎರಡೂ ಕಡೆಗೆ ಸೇರದವರು ಅಲ್ಲಿ ಒಬ್ಬರಾದರೂ ಇರ್ತಾರಲ್ಲ, ಚಾ ತಂದವರೋ, ಚಾಪೆ ಹಾಸಿದವರೋ, ರಿಕ್ಷಾ ತಂದವರೋ. ಅವರನ್ನ ಕರೆದು, ಏನಾದರೂ ಬಿಟ್ಟುಹೋಯ್ತಾ ಅಂತ ಕೇಳ್ತಾರೆ. ಮಾಣಕ್ಕನ ಮಾತು ಕೇಳೋದು ಅಂತಲೇ ಅದಕ್ಕೆ ಹೆಸರು. ಹೆಚ್ಚಿನವರು ಇಲ್ಲ ಅಂತ ಹೇಳಿ ಎದ್ದು ಹೋಗ್ತಾರೆ. ಹೋದ ವರ್ಷ ಇದೇ ಕೇರಿಯಲ್ಲಿ ಒಂದು ಮದುವೆ ಮಾತು. ಚಾ ತಂದವಳನ್ನ ಕೇಳಿದರೆ, ಮದುಮಗಳನ್ನ ಯಾರಾದರೂ ಕೇಳಿದ್ರಾ ಅಂದಳು. ಎರಡು ಗಂಟೆಯಿಂದ ಕೂತವರು ಹದಿನಾಲ್ಕು ಜನ. ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.