ಬೀಗದ ಕೆರೆ

ಮುತ್ತುಗದೊಡ್ಡಿಯ ದೇವಾಲಯದ ಬೆನ್ನಿಗೇ ಬೀಗದ ಕೆರೆಯಿದೆ. ಹೆಸರು ಕೇಳಿ ಬಂದ ಪರಸ್ಥಳದವರು ತೂಬಿಗೆ ಬೀಗ ಜಡಿದಿರಬೇಕೆಂದು ಏರಿಯುದ್ದಕ್ಕೂ ಹುಡುಕುತ್ತಾರೆ. ಪಾಪ, ಬೀಗ ಇರುವುದು ನೀರಿನ ತಳದಲ್ಲಿ. ಅದೂ ಒಂದಲ್ಲ, ಎರಡು.

ಹಿಂದೆ ಒಮ್ಮೆ ಈ ಊರಿನ ಕ್ರೈಸ್ತರಲ್ಲಿ ಎರಡು ದೊಡ್ಡ ಮನೆತನಗಳಿದ್ದವಂತೆ. ದೇವಾಲಯಕ್ಕೆ ನೆಲ ಕೊಟ್ಟವರು ಚೌರಪ್ಪನ ಹಿರಿಯರು, ಕಲ್ಲು ಮರ ಒದಗಿಸಿದವರು ಇನ್ನಾಸಪ್ಪನ ಹಿರಿಯರು. ಬಾಗಿಲು ತೆರೆಯುವ ಹಕ್ಕು ತನ್ನದೇ ಎಂದು ಚೌರಪ್ಪ ಬೀಗ ಹಾಕಿದರೆ, ಇನ್ನಾಸಪ್ಪ ಪಕ್ಕದಲ್ಲೇ ಇನ್ನೊಂದು ಕೊಂಡಿ ಹೊಡೆಸಿ ತನ್ನದೊಂದು ಜಡಿದ. ಇಬ್ಬರು ಮಹಾಶಯರ ಮೀಸೆಯೂ ಒಂದೇ ಎತ್ತರಕ್ಕಿತ್ತು. ಆ ವರ್ಷ, ಯೇಸು ಸಾವಿನಿಂದ ಎದ್ದುಬಂದ ಪಾಸ್ಕ ಹಬ್ಬದ ಬೆಳಿಗ್ಗೆ ದೂರದಿಂದ ಗುರುಗಳು ಬಂದಿದ್ದರು. ಅವರು ಮತ್ತೆ ಬರುವುದು ಮಳೆಗಾಲ ಕಳೆದ ಮೇಲೆಯೇ. ವಿಧವೆ ಆರೋಗ್ಯಮ್ಮನ ತೋಳಿನಲ್ಲಿ ತಾಯಿಯಿಲ್ಲದ ಮೊಮ್ಮಗಳಿದ್ದಳು. ಹಾಲು ಕಕ್ಕಿ ಕಕ್ಕಿ ಸೊರಗಿದ್ದ ಆ ಕೂಸಿಗೆ ಅಂದೇ ಜ್ಞಾನಸ್ನಾನವಾಗಬೇಕಿತ್ತು. ಮೊದಲು ಬೀಗ ತೆಗೆದವನು ಸೋತಂತೆ ಎಂದುಕೊಂಡು ಯಜಮಾನರಿಬ್ಬರೂ ಅಲುಗಾಡಲಿಲ್ಲ. ಮರದಡಿಯಲ್ಲೇ ಕೊಡೋಣವೆಂದು ಗುರುಗಳು ಹೇಳಿದರೂ, ತನ್ನ ಕೂಸೇನು ಹೊರಗಿನದೇ ಎಂದು ಮುದುಕಿ ಒಪ್ಪಲಿಲ್ಲ. ಯಜಮಾನರ ನಡುವೆಯೇ ನುಗ್ಗಿ ಹೋಗಿ ಬಾಗಿಲು ಬಡಿದಳು ಎನ್ನುತ್ತಾರೆ.

“ಯೇಸಪ್ಪಾ, ಈ ಮನೆ ಒಡೆಯ ನೀನು. ಇವ್ರು ನಿನ್ನನ್ನೂ ಒಳಗೇ ಕೂಡಾಕವ್ರೆ. ನನ್ ಕೂಸು ಬಂದದೆ, ಕರ್ಕೊಳಪ್ಪ.”

ಚೌರಪ್ಪನಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, “ಬಾ ಇನ್ನಾಸಣ್ಣ, ನಾವೂ ಇಲ್ಲಿ ಆಳುಗಳೇ ಕಣಣ್ಣ” ಎಂದ. ಯಾರ ಬೀಗ ಮೊದಲು ತೆರೆಯಿತೋ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಕೂಸಿನ ಮೇಲಿತ್ತು. ತಲೆಗೆ ನೀರು ಬಿದ್ದೊಡನೆ ಅದು ಸೂರು ಹಾರಿಹೋಗುವಂತೆ ಚೀರಿತು. ಎಷ್ಟೋ ದಿನಗಳಿಂದ ಅದರ ದನಿಯನ್ನೇ ಕೇಳದ ಆರೋಗ್ಯಮ್ಮ ನಕ್ಕಳು, ಅತ್ತಳು. ಗಂಟೆ ಮೊಳಗಿತು, ತಮಟೆ ಬಿತ್ತು. ಯಜಮಾನರಿಬ್ಬರೂ ಜೊತೆಯಲ್ಲೇ ಹೋಗಿ ಬೀಗಗಳನ್ನು ಕೆರೆಗೆಸೆದಾಗ, “ಎದ್ದವ್ನೆ, ನಮ್ಮೊಡೆಯ ಎದ್ದವ್ನೆ” ಎಂದು ಏರಿಯ ಮೇಲೆ ಊರಿಗೆ ಊರೇ ಕೂಗಿತಂತೆ.

ಕೂಸು ಬದುಕಿತು, ಬೆಳೆದು ಅಜ್ಜಿಯೂ ಆಯಿತು. ಬಾಗಿಲಲ್ಲಿ ಆ ಎರಡು ಕೊಂಡಿಗಳು ಈಗಲೂ ಇವೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಹೊಳಪೇರಿವೆ. ಪಾಸ್ಕದ ಬೆಳಿಗ್ಗೆ ಊರಿನ ಅತಿ ಎಳೆಯ ಕೂಸು ಮೊದಲು ಹೊಸಿಲು ದಾಟುತ್ತದೆ. ಚೌರಪ್ಪನ ಮನೆಯವನೊಬ್ಬ, ಇನ್ನಾಸಪ್ಪನ ಮನೆಯವನೊಬ್ಬ ಕದಗಳನ್ನು ಹಿಡಿದು ನಿಂತಿದ್ದು, ಎಲ್ಲರೂ ಒಳಹೊಕ್ಕ ಮೇಲೆ ಕೊನೆಗೆ ತಾವು ಹೋಗುತ್ತಾರೆ.