ಮೇಕೆ ಕಾಯುವವನ ದನಿ

“ಗುರುಗಳೇ, ನಾನು ನಿಮ್ಮಂತೆ ಆಗುವುದು ಯಾವಾಗ?” ಎಂದು ಶಿಷ್ಯ ಕೇಳಿದ.

ಕೇಳುವ ಮೊದಲು ಅವನು ಗುರುಗಳಂತೆಯೇ ಗಂಟಲು ಸರಿಪಡಿಸಿಕೊಂಡ. ಮಾತಿನ ನಡುವೆ ಗುರುಗಳಂತೆಯೇ ತಡೆದು, ಅರೆಗಣ್ಣು ಮುಚ್ಚಿದ. ಮಠಕ್ಕೆ ಬಂದ ಮೇಲೆ ಅವನು ಕಲಿತದ್ದರಲ್ಲಿ ಇದಂತೂ ಚೆನ್ನಾಗಿ ಹತ್ತಿತ್ತು. ಗುರುಗಳು ನಕ್ಕರು. ಕುಳಿತುಕೋ ಎಂದು ಕೈಸನ್ನೆ ಮಾಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಕೆ ಕಾಯುವವನಿದ್ದ. ಹುಟ್ಟಿನಿಂದ ಅವನಿಗೆ ಮಾತು ತೊದಲು. ಅವನು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಮುಂದೆ ಹೋಗಿರುತ್ತಿದ್ದರು. ಚಿಕ್ಕವನಿದ್ದಾಗಲೇ ಅವನು ಒಂದು ಉಪಾಯ ಕಂಡುಕೊಂಡ. ಬೇರೆಯವರ ದನಿಯಲ್ಲಿ ಮಾತಾಡಿದರೆ ನಾಲಗೆ ತಡವರಿಸುತ್ತಿರಲಿಲ್ಲ. ಊರಗೌಡನ ಗದರಿಕೆ, ಪೂಜಾರಿಯ ಮೂಗುದನಿ, ಬಳೆಗಾರನ ಕೂಗು, ನವಿಲು, ನರಿ, ಎಲ್ಲವೂ ಅವನ ಬಾಯಿಂದ ನೀರು ಕುಡಿದಷ್ಟು ಸುಲಭವಾಗಿ ಬರುತ್ತಿದ್ದವು. ಮದುವೆಮನೆಗಳಲ್ಲಿ ಜನ ಅವನನ್ನು ನಡುವೆ ಕೂರಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಬರಬರುತ್ತ ಅಂಗಡಿಯಲ್ಲಿ ಉಪ್ಪು ಕೇಳುವುದಕ್ಕೂ ಅವನಿಗೆ ಗೌಡನ ದನಿಯೇ ಬೇಕಾಯಿತು.

ಸ್ವಂತ ದನಿ ಮನೆಗೆ ಮಾತ್ರ ಉಳಿಯಿತು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿದ್ದವಳು ಚಿಕ್ಕ ಮಗಳೊಬ್ಬಳೇ. ಸಂಜೆ ಮುದ್ದೆ ಮಾಡಿ ಅವಳನ್ನು ಊಟಕ್ಕೆ ಕರೆಯುವಾಗ ಆ ತೊದಲು ಹೊರಗೆ ಬರುತ್ತಿತ್ತು. ಪಕ್ಕದ ಮನೆಯವರಿಗೆ ಕೇಳದಿರಲಿ ಎಂದು ಮೆಲ್ಲಗೆ ಕರೆಯುತ್ತಿದ್ದ. ಅವನಿಗೆ ಅದು ಅಷ್ಟು ನಾಚಿಕೆ.

ಒಂದು ದಿನ ತಪ್ಪಿಸಿಕೊಂಡ ಮೇಕೆಮರಿಯನ್ನು ಹುಡುಕಲು ಹೋದ ಮಗಳು ಕಾಡಿನಿಂದ ಮರಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಮಂಜು ಕವಿದು ಎದುರಿನ ಮರವೂ ಕಾಣದಾಗಿತ್ತು. ಆ ಕಾಡಿನ ನಡುವೆ ಆಳವಾದ ಕಮರಿಯಿತ್ತು. ಅವನು ಎದ್ದು ಬಿದ್ದು ಓಡಿದ. ತನ್ನ ದನಿ ಎಲ್ಲಿ ಮುಟ್ಟೀತು ಎಂದುಕೊಂಡು, ಗುಡ್ಡ ದಾಟಿ ಕೇಳುವ ಗೌಡನ ದನಿಯಲ್ಲಿ ಮಗಳ ಹೆಸರು ಹಿಡಿದು ಕೂಗಿದ. ಉತ್ತರವಿಲ್ಲ. ಆಗ ಅವನು ಹೆಂಡತಿ ಸತ್ತಂದಿನಿಂದ ಎಂದೂ ಮಾಡದ ಕೆಲಸ ಮಾಡಿದ. ಅವಳ ದನಿಯಲ್ಲಿ ಕರೆದ.

“ಬೊಮ್ಮೀ, ಕತ್ಲಾಯ್ತು, ಬಾರವ್ವಾ!”

ದನಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವನಿಗೇ ಕಣ್ಣು ತುಂಬಿ ಬಂತು. ಮಂಜಿನೊಳಗೆ ಪೊದೆ ಅಲುಗಿತು. ಆದರೆ ಸದ್ದು ಹತ್ತಿರ ಬರಲಿಲ್ಲ, ದೂರ ಹೋಯಿತು. ಕಲ್ಲೊಂದು ಜಾರಿ ಕಮರಿಗೆ ಉರುಳುವುದು ಕೇಳಿಸಿತು.

ಆಗ ಅವನಿಗೆ ಹೊಳೆಯಿತು. ಕಾಡಿನಲ್ಲಿ ದೆವ್ವ ನಮ್ಮವರ ದನಿಯಲ್ಲೇ ಕರೆಯುತ್ತದೆ, ಓಗೊಡಬಾರದು ಎಂದು ಆ ಊರಿನ ಮಕ್ಕಳಿಗೆ ಹೇಳಿಯೇ ಬೆಳೆಸುತ್ತಿದ್ದರು. ಅವನೂ ಮಗಳಿಗೆ ಹೇಳಿದ್ದ. ಮಗಳು ಈಗ ಅವನಿಂದಲೇ ಓಡುತ್ತಿದ್ದಳು. ಇನ್ನೊಮ್ಮೆ ಹಾಗೆ ಕರೆದರೆ ಅವಳು ಕಮರಿಗೆ ಬೀಳುವುದು ಖಂಡಿತ. ಬಾಯಲ್ಲಿ ಊರಿಗೆ ಊರೇ ಇತ್ತು, ಅದರಲ್ಲಿ ಒಂದು ದನಿಯೂ ಕೆಲಸಕ್ಕೆ ಬರುವಂತಿರಲಿಲ್ಲ. ಉಳಿದದ್ದು ಮನೆಯ ಆ ದನಿ. ಅದನ್ನು ಅವನು ಎಂದೂ ಎತ್ತರಿಸಿ ನೋಡಿರಲಿಲ್ಲ.

“ಬೊ… ಬೊ… ಬೊಮ್ಮೀ… ಉ… ಉಣ್ಣು ಬಾ ಮಗಾ!”

ಒಡೆದ, ಒರಟು ದನಿ. ಗೂಡು ಸೇರುತ್ತಿದ್ದ ಹಕ್ಕಿಗಳು ಒಮ್ಮೆಲೇ ಸುಮ್ಮನಾದವು. ಅವನ ಬಾಯಿಂದ ತಮ್ಮ ದನಿಯನ್ನೇ ಕೇಳಿ ಬೆಳೆದ ಹಕ್ಕಿಗಳು ಅವು. ಇದನ್ನು ಕೇಳಿರಲಿಲ್ಲ.

“ಅಪ್ಪಾ! ಇಲ್ಲೇ ಇವ್ನಿ!”

ಆ ಕೂಗು ಹಿಡಿದು ಹೋದರೆ, ಕಮರಿಯ ಅಂಚಿನಲ್ಲಿ ಮಗಳು ಒಂದು ಮರವನ್ನು ತಬ್ಬಿ ನಿಂತಿದ್ದಳು. ಅವನು ಅವಳನ್ನು ಎತ್ತಿಕೊಂಡ. ಕಮರಿಯಿಂದ ಈಚೆಗೆ ಬಂದ ಮೇಲೆ ಕೇಳಿದ.

“ನಾ… ನಾನೇ ಅಂತ ಹೆ… ಹೆಂಗೆ ಗೊತ್ತಾಯ್ತವ್ವಾ?”

“ದೆವ್ವಕ್ಕೆ ಎಲ್ಲಾರ ದನೀನೂ ಬತ್ತದೆ. ನಿನ್ನಂಗೆ ಕರೆಯಾಕೆ ಬತ್ತದಾ? ದಿನಾ ಉಣ್ಣಾಕೆ ಕರೆಯೋನು ನೀನಲ್ವಾ?”

ಜನ್ಮವೆಲ್ಲ ಯಾವುದನ್ನು ಬಚ್ಚಿಟ್ಟಿದ್ದನೋ ಅದಕ್ಕಾಗಿ ಈ ಮಗು ದಿನಾ ಸಂಜೆ ಕಿವಿಗೊಟ್ಟು ಕಾದಿತ್ತು. ಆಮೇಲೆ ದಾರಿಯುದ್ದಕ್ಕೂ ಕೈಗೆ ತಗುಲಿದ ಮರಗಿಡಗಳ ಹೆಸರನ್ನೆಲ್ಲ ಮಗಳಿಗೆ ತೊದಲುತ್ತ ಹೇಳುತ್ತ ನಡೆದ. ಊರು ಬಂತು, ಜಗಲಿಯ ಮೇಲೆ ಜನ ಕುಳಿತಿದ್ದರು. ಅವನು ಮಾತು ನಿಲ್ಲಿಸಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಏನೋ ಹೇಳಬೇಕೆಂದು ಅವನು ಗುರುಗಳಂತೆಯೇ ಗಂಟಲು ಸರಿಪಡಿಸಿಕೊಂಡ.

“ಎಲ್ಲಿ, ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು, ಈ ಸಲ ನಿನ್ನ ದನಿಯಲ್ಲಿ” ಎಂದರು ಗುರುಗಳು.

ಶಿಷ್ಯ ಬಾಯಿ ತೆರೆದ. ಗಂಟಲು ಸರಿಪಡಿಸಿಕೊಳ್ಳಲು ಹೋಗಿ ಅರ್ಧಕ್ಕೇ ತಡೆದುಕೊಂಡ.