ಅರಳೆ ಮೊಲ ಮಂಚದ ಕೆಳಗೆ ಸೇರಿತು

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ. ಇದು ಓಡುವ ಕಥೆ. ಕಾಲು ಬಿಟ್ಟರೆ ನೀವೂ ಓಡಿಬಿಡ್ತೀರ.

ಚೆನ್ನಿ ಅಂತ ಒಬ್ಬಳು ಹುಡುಗಿ. ಅವಳಿಗೊಂದು ಬಿಳಿ ಮೊಲ. ಹೆಸರು ಅರಳೆ. ದಿನಾ ಅವಳ ಮಡಿಲಲ್ಲೇ ಅದರ ನಿದ್ದೆ.

ಒಂದು ದಿನ ಚೆನ್ನಿಗೆ ಭಯವಾಯಿತು. ಇಷ್ಟು ಚೆಂದದ ಮೊಲಕ್ಕೆ ದೃಷ್ಟಿ ತಾಗಿದರೆ? ಅಮ್ಮ ಪಾಪುಗೆ ಇಡ್ತಾಳಲ್ಲ, ಹಾಗೆ ಕೆನ್ನೆಗೆ ಕಾಡಿಗೆ ಬೊಟ್ಟು ಇಡಲು ಹೋದಳು. ಅರಳೆ ಕೊಸರಾಡಿತು. ಚೆನ್ನಿ ಗಬಕ್ಕನೆ ಎರಡೂ ಕಿವಿ ಹಿಡಿದು ಎತ್ತಿದಳು.

ಕಿವಿ ನೋಯಲ್ವಾ ಹೇಳಿ? ಅರಳೆ ಒದ್ದಿತು. ಹಾರಿತು. ಮಂಚದ ಕೆಳಗೆ ಸೇರಿತು. ಹಿಂಗಾಲು ನೆಲಕ್ಕೆ ಬಡಿಯಿತು. ದಪ್, ದಪ್!

ಚೆನ್ನಿ ಕರೆದಳು. ಬರಲಿಲ್ಲ. ಹುಲ್ಲು ಇಟ್ಟಳು. ತಿನ್ನಲಿಲ್ಲ. ಚೆನ್ನಿಗೆ ಅಳುವೇ ಬಂತು. ಅರಳೆಗೆ ಕೊತ್ತಂಬರಿ ಸೊಪ್ಪು ಅಂದರೆ ಪ್ರಾಣ. ಅದನ್ನು ತಂದರೆ ಬರಬಹುದು. ಓಡಿದಳು ಚೆನ್ನಿ, ದಡ ದಡ ದಡ!

ಸೊಪ್ಪು ಮಾರುವ ಗುಂಡಜ್ಜಿ ಸಿಕ್ಕಳು.

"ಅಜ್ಜಿ, ಅಜ್ಜಿ, ಸೊಪ್ಪು ಕೊಡು. ಸೊಪ್ಪಿಲ್ಲ, ಅರಳೆ ಬರ್ತಿಲ್ಲ."

"ಬುಟ್ಟಿ ತಳ ಕಿತ್ತೋಗಿದೆ ಕಣವ್ವ. ತೋಟದಿಂದ ಸೊಪ್ಪು ತರೋದ್ಹೇಗೆ? ಬುಟ್ಟಿ ತಾ, ಕೊಡ್ತೀನಿ."

ಓಡಿದಳು ಚೆನ್ನಿ, ದಡ ದಡ ದಡ! ಬುಟ್ಟಿ ಹೆಣೆಯುವ ಓಬಣ್ಣ ಸಿಕ್ಕ.

"ಅಣ್ಣ, ಅಣ್ಣ, ಬುಟ್ಟಿ ಕೊಡು. ಬುಟ್ಟಿಯಿಲ್ಲ, ಸೊಪ್ಪಿಲ್ಲ. ಸೊಪ್ಪಿಲ್ಲ, ಅರಳೆ ಬರ್ತಿಲ್ಲ."

"ಬೆಳಗಿಂದ ಟೀ ಕುಡಿದಿಲ್ಲ, ಕೈಯೇ ಓಡ್ತಿಲ್ಲ. ಟೀ ತಾ, ಕೊಡ್ತೀನಿ."

ಓಡಿದಳು ಚೆನ್ನಿ, ದಡ ದಡ ದಡ! ಟೀ ಅಂಗಡಿ ಜಬೀನಕ್ಕ ಸಿಕ್ಕಳು.

"ಅಕ್ಕ, ಅಕ್ಕ, ಟೀ ಕೊಡು. ಟೀಯಿಲ್ಲ, ಬುಟ್ಟಿಯಿಲ್ಲ. ಬುಟ್ಟಿಯಿಲ್ಲ, ಸೊಪ್ಪಿಲ್ಲ. ಸೊಪ್ಪಿಲ್ಲ, ಅರಳೆ ಬರ್ತಿಲ್ಲ."

"ಹಾಲೇ ಇಲ್ಲ ಚೆನ್ನಿ. ನಮ್ಮ ಎಮ್ಮೆ ಇವತ್ತು ಬರೀ ಒದೀತಿದೆ. ಹೋಗಿ ಅದನ್ನೇ ಕೇಳು."

ಓಡಿದಳು ಚೆನ್ನಿ, ದಡ ದಡ ದಡ! ಅಂಗಡಿ ಹಿಂದೆ ಎಮ್ಮೆ ಮುಖ ಊದಿಸಿಕೊಂಡು ನಿಂತಿತ್ತು.

"ಎಮ್ಮಕ್ಕ, ಎಮ್ಮಕ್ಕ, ಹಾಲು ಕೊಡು. ಹಾಲಿಲ್ಲ, ಟೀಯಿಲ್ಲ. ಟೀಯಿಲ್ಲ, ಬುಟ್ಟಿಯಿಲ್ಲ. ಬುಟ್ಟಿಯಿಲ್ಲ, ಸೊಪ್ಪಿಲ್ಲ. ಸೊಪ್ಪಿಲ್ಲ, ಅರಳೆ ಬರ್ತಿಲ್ಲ."

"ಜಬೀನ ಬಂದ್ಲು, ಗಬಕ್ಕನೆ ಎಳೆದ್ಲು," ಅಂದಿತು ಎಮ್ಮೆ. "ನನಗೆ ನೋಯಲ್ವಾ? ಹಾಗೆ ಎಳೆದ್ರೆ ನಾನು ಕೊಡಲ್ಲ."

ಚೆನ್ನಿ ತನ್ನ ಕೈ ನೋಡಿಕೊಂಡಳು. ಕೈತುಂಬ ಕಾಡಿಗೆ. ಅವಳಿಗೆ ನಾಚಿಕೆಯಾಯಿತು. ಹಾಗಾದರೆ ಏನು ಮಾಡಲಿ ಅಂತ ಮೆಲ್ಲಗೆ ಕೇಳಿದಳು.

"ಮೊದಲು ಕೈ ಮೂಸೋಕೆ ಬಿಡು. ಆಮೇಲೆ ಸವರು. ನಾನು ತಲೆ ತಿರುಗಿಸಿದ್ರೆ ನಿಲ್ಲಿಸು."

ಚೆನ್ನಿ ಕೈ ತೊಳೆದು ಬಂದಳು. ಎಮ್ಮೆ ಮೂಸಿತು. ಚೆನ್ನಿ ಸವರಿದಳು. ಎಮ್ಮೆ ಕಣ್ಣು ಮುಚ್ಚಿತು. ಜಬೀನಕ್ಕ ಚೊಂಬು ಹಿಡಿದು ಕೂತಳು, ಈ ಸಲ ಅವಸರ ಮಾಡಲಿಲ್ಲ. ಚುಯ್, ಚುಯ್, ಚುಯ್!

ಎಮ್ಮೆ ಹಾಲು ಕೊಟ್ಟಿತು. ಹಾಲು ಬಂತು, ಜಬೀನಕ್ಕ ಟೀ ಕೊಟ್ಟಳು. ಟೀ ಬಂತು, ಓಬಣ್ಣ ಬುಟ್ಟಿ ಕೊಟ್ಟ. ಬುಟ್ಟಿ ಬಂತು, ಗುಂಡಜ್ಜಿ ಸೊಪ್ಪು ಕೊಟ್ಟಳು. ಸೊಪ್ಪು ಬಂತು, ಓಡಿದಳು ಚೆನ್ನಿ, ದಡ ದಡ ದಡ!

ಬಾಗಿಲಲ್ಲಿ ಗಕ್ಕನೆ ನಿಂತಳು. ಒಳಗೆ ಓಡಲಿಲ್ಲ. ಮೆಲ್ಲ, ಮೆಲ್ಲ, ಮೆಲ್ಲ ಹೋದಳು. ಮಂಚದ ಪಕ್ಕ ಬೋರಲು ಮಲಗಿದಳು. ಸೊಪ್ಪು ಹಿಡಿದು ಕೈ ಚಾಚಿದಳು.

ಅರಳೆ ಬರಲಿಲ್ಲ.

ಚೆನ್ನಿ ಎಳೆಯಲಿಲ್ಲ. ಕರೆಯಲೂ ಇಲ್ಲ. ಕಾದಳು, ಕಾದಳು, ಕಾದಳು.

ಮೂಗು ಬಂತು. ಮೀಸೆ ಬಂತು. ಅರಳೆ ಅವಳ ಕೈ ಮೂಸಿತು. ಸೊಪ್ಪು ತಿಂದಿತು, ಚರ ಚರ ಚರ. ಚೆನ್ನಿ ಒಂದೇ ಬೆರಳಿಂದ ಹಣೆ ಸವರಿದಳು. ಸವರಿ ನಿಲ್ಲಿಸಿದಳು. ಬೇಕೋ ಬೇಡವೋ?

ಅರಳೆ ಅವಳ ಅಂಗೈ ಕೆಳಗೆ ತಲೆ ತೂರಿಸಿತು. ಬೇಕಂತೆ! ಇನ್ನೂ ಬೇಕಂತೆ! ಹಿತವಾದಾಗ ಮೊಲಗಳು ಮಾಡುವಂತೆ ಮೆಲ್ಲಗೆ ಹಲ್ಲು ಕಡಿಯಿತು, ಕಟ ಕಟ ಕಟ. ಚೆನ್ನಿ ಎದ್ದು ಕೂತಳು. ಅರಳೆ ತಾನಾಗಿ ಅವಳ ಮಡಿಲು ಹತ್ತಿತು.

ಅಮ್ಮ ಊಟಕ್ಕೆ ಕರೆದಳು. ಚೆನ್ನಿ ಏಳಲಿಲ್ಲ. ಮತ್ತೆ ಕರೆದಳು. ಏಳಲಿಲ್ಲ. ಮಡಿಲಲ್ಲಿ ಮೊಲ ಮಲಗಿದ್ದರೆ ಯಾರಾದರೂ ಏಳ್ತಾರಾ?